ಮಾದಪ್ಪನ ದೀಪಕ್ಕೆ ಕುಣಿದ ಪೆಟ್ರೋಲ್ ಮುಳ್ಳು

“ಅಣ್ಣಾ, ನಿಮ್ ಕಾರಲ್ಲಿ ಪೆಟ್ರೋಲ್ ಮುಳ್ಳು ಕುಣೀತಾ ಅದೆ, ಬಂದ್ ನೋಡಿ!” ಎಂದು ಕೊಳ್ಳೇಗಾಲದ ಎಲೆಕ್ಟ್ರಿಷಿಯನ್ ಕೂಗಿದ. ನಾನೂ ತಮ್ಮ ಕುಮಾರನೂ ಬಗ್ಗಿ ನೋಡಿದೆವು. ಮೀಟರಿನ ಮೇಲಿಟ್ಟಿದ್ದ ಮಾದಪ್ಪನ ಪಟದ ದೀಪ ಮಿನುಗಿದಾಗಲೆಲ್ಲ ಮುಳ್ಳು ಅರ್ಧದಿಂದ ಸೊನ್ನೆಗೆ ಬೀಳುತ್ತಿತ್ತು, ದೀಪ ಆರಿದರೆ ಮತ್ತೆ ಮೇಲಕ್ಕೆ ಜಿಗಿಯುತ್ತಿತ್ತು.

ಆ ದೀಪ ಹಾಕಿದವನು ನಾನೇ. ಅದರ ಅರ್ತ್ ತಂತಿಯನ್ನು ಮೀಟರಿನ ಅರ್ತ್ ತಂತಿಗೆ ಸುತ್ತಿ, ಎರಡನ್ನೂ ಕಾರಿನ ತಗಡಿಗೆ ಕೂರಿಸುವ ಬೋಲ್ಟು ಬಿಗಿ ಮಾಡದೆ ಬಿಟ್ಟಿದ್ದೆ. ಆಮೇಲೆ ಕುಮಾರ ಹನೂರಿಗೆ ಬಾಡಿಗೆ ಹೋಗಿ ಬಂದಾಗ ಮುಳ್ಳು ಸೊನ್ನೆಯಲ್ಲಿರುವುದನ್ನು ಕಂಡು, ಪೆಟ್ರೋಲ್ ಕದ್ದು ಮಾರುತ್ತೀಯ ಎಂದು ಬೈದು ಕೀ ಕಿತ್ತುಕೊಂಡಿದ್ದೆ.

“ಪೆಟ್ರೋಲ್ ಕಳ್ಳ ಮಾದಪ್ಪ ಕಣಣ್ಣೋ! ಓಗು, ಅವನ್ ಕೈಲಿ ಕೀ ಕಿತ್ಕೋ ನೋಡಾನ!” ಎಂದ ಕುಮಾರ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲೆಕ್ಟ್ರಿಷಿಯನ್ ತುಕ್ಕು ಉಜ್ಜಿ ಬೋಲ್ಟು ಬಿಗಿದ. ದೀಪ ಮಿನುಗುತ್ತಲೇ ಇತ್ತು, ಮುಳ್ಳು ಕದಲಲಿಲ್ಲ. ನಾನು ಕೀ ಕುಮಾರನ ಕೈಗಿಟ್ಟೆ. ನಮ್ಮೂರು ಕಾಮಗೆರೆವರೆಗೂ ನಗುತ್ತಲೇ ಓಡಿಸಿದ.

ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ದಿನಾ ಟೀ ಅಂಗಡಿಯಲ್ಲಿ ಅವನು ಈ ಪೇಪರ್ ಓದುತ್ತಾನೆ, ಅದಕ್ಕೇ ಇಲ್ಲಿ ಬರೆದಿದ್ದೇನೆ. ತಪ್ಪಾಯ್ತು ಕಣ್ಲಾ ಕುಮಾರ.