ಘಾಟಿ ಹತ್ತದ ಅಪ್ಪನ ಬಸ್ಸು

ಹೋದ ವರ್ಷ ದಸರಾ ಮುಗಿದ ವಾರ ಬೊಮ್ಮಸಂದ್ರದ ನಮ್ಮ ಮನೆಯಲ್ಲಿ ನಡೆದ ಸಂಗತಿ ಇದು. ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಅದರ ಹಿಂದೆಯೇ ನಾಚಿಕೆಯೂ ಆಗುತ್ತದೆ.

ನನ್ನ ಅಪ್ಪ ಇಪ್ಪತ್ತೆಂಟು ವರ್ಷ ಇಲ್ಲಿನ ಕಾರ್ಖಾನೆಯೊಂದರ ಶಿಫ್ಟ್ ಬಸ್ಸು ಓಡಿಸಿದವರು. ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯಲಾಗದೆ ಕೆಲಸ ಬಿಟ್ಟರು. ಮನೆಯಲ್ಲಿ ಕೂತು ಸೊರಗುತ್ತಿದ್ದವರನ್ನು ನೋಡಲಾಗದೆ, ಕಾಲೇಜಿನಲ್ಲಿದ್ದಾಗ ಗೇಮ್ ಆಡಲೆಂದೇ ನಾನು ಜೋಡಿಸಿಕೊಂಡಿದ್ದ ಹಳೆಯ ಕಂಪ್ಯೂಟರಿಗೆ ಬಸ್ ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. ಮೊದಲು ಮೂಗು ಮುರಿದರು. ಒಂದೇ ವಾರ! ಆಮೇಲೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಖಾಕಿ ಅಂಗಿ ತೊಟ್ಟು, ಒಂಬತ್ತಕ್ಕೆ ಸರಿಯಾಗಿ ಡ್ಯೂಟಿಗೆ ಕೂರತೊಡಗಿದರು. ಸಂಜೆ ನಾನು ಬಂದರೆ, ಯಾವ ತಿರುವಿನಲ್ಲಿ ಯಾವ ಲಾರಿಯವನು ದಾರಿ ಬಿಡಲಿಲ್ಲ ಎಂಬ ದೂರು. ನಮ್ಮ ಹಳೆಯ ಅಪ್ಪ ನಮಗೆ ವಾಪಸು ಸಿಕ್ಕಿದ್ದರು.

ದಸರಾ ಆದ ಮೇಲೆ ಕಂಪ್ಯೂಟರ್ ಕೈಕೊಟ್ಟಿತು. ಆಟ ಶುರುವಾಗಿ ಹತ್ತು ನಿಮಿಷಕ್ಕೆ, ಬಸ್ಸು ಘಾಟಿ ಹತ್ತುವಷ್ಟರಲ್ಲಿ, ಪಟ್ಟೆಂದು ಆಫ್.

ನಾನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಟ್ಟ ಕಂಪ್ಯೂಟರುಗಳನ್ನು ಸರಿಮಾಡುವವನು. ನನಗೆ ಯಾರು ಹೇಳಿಕೊಡಬೇಕು? ವಯಸ್ಸಾಗಿದೆ ಇದಕ್ಕೆ ಎಂದು ತೀರ್ಮಾನಿಸಿ ಹೊಸ ರ‍್ಯಾಮ್ ಹಾಕಿದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದೆ. ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಆನ್ ಆಯಿತು. ಅಪ್ಪ ಆಸೆಯಿಂದ ಕೂತರು. ಘಾಟಿ ಬಂತು, ಮತ್ತೆ ಆಫ್.

ಅಪ್ಪ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಕಿವಿಯಿಟ್ಟು, "ಇಂಜಿನ್ ಬಿಸಿ ಆಯ್ತಾ ಐತೆ ಕಣ್ಲಾ. ಫ್ಯಾನ್ ಸದ್ದು ಕೇಳು, ಎಲ್ಲೋ ತಡೀತಾ ಐತೆ" ಅಂದರು.

"ಅಪ್ಪಾ, ಇದು ಬಸ್ಸಲ್ಲ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಪವರ್ ಸಪ್ಲೈಯನ್ನೂ ಬದಲಿಸಿದೆ. ಏನೂ ಆಗಲಿಲ್ಲ. ಆ ವಾರದಲ್ಲಿ "ನಿಂಗೆ ಗೊತ್ತಾಗಲ್ಲ" ಎಂದು ಮೂರು ಸಲವಾದರೂ ಅಂದಿರಬೇಕು. ಆಮೇಲೆ ಅಪ್ಪ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಜಗಲಿಯಲ್ಲಿ ಕೂತು ಶಿಫ್ಟ್ ಬಸ್ಸುಗಳನ್ನು ನೋಡತೊಡಗಿದರು. "ಖಾಕಿ ಅಂಗಿ ಮಡಚಿ ಬೀರುಗೆ ಇಟ್ಬುಟ್ರು ಕಣೋ" ಎಂದು ಅಮ್ಮ ಹೇಳಿದರು. ಅಪ್ಪನಿಂದ ಎರಡನೇ ಸಲ ಬಸ್ಸು ಕಿತ್ತುಕೊಂಡಂತಾಗಿತ್ತು.

ಭಾನುವಾರ ನಾನೇ ಹೋಗಿ ಕರೆದೆ. "ಬಾಪ್ಪಾ, ಸದ್ದು ಎಲ್ಲಿಂದ ಬರ್ತಿದೆ ತೋರ್ಸು."

ಅಪ್ಪ ಮತ್ತೆ ಕಿವಿಯಿಟ್ಟು, ಪ್ರೊಸೆಸರ್ ತಣ್ಣಗಿಡುವ ಫ್ಯಾನಿನ ನೇರಕ್ಕೆ ಬೆರಳಿಟ್ಟರು. ಇಷ್ಟು ದಿನ ನಾನು ಮುಟ್ಟದೇ ಇದ್ದದ್ದು ಅದೊಂದೇ. ಕಂಪ್ಯೂಟರ್ ಆಫ್ ಮಾಡಿ ಫ್ಯಾನ್ ಬಿಚ್ಚಿದೆ. ಅದರ ಹಿಂದಿನ ಲೋಹದ ಪಟ್ಟಿಗಳ ಸಂದಿಯಲ್ಲಿ ಧೂಳಿನ ಜೊತೆ ಒಣಗಿದ ಚೆಂಡುಹೂವಿನ ಎಸಳು, ಅರಿಶಿನದ ಅಕ್ಕಿಕಾಳು! ಒಂದು ಕಾಳಂತೂ ಫ್ಯಾನಿನ ಅಂಚಿನಲ್ಲೇ ಸಿಕ್ಕಿಕೊಂಡಿತ್ತು.

ಅಪ್ಪನ ಮುಖ ಇಳಿದುಹೋಯಿತು. "ನಂದೇ ತಪ್ಪು ಕಣ್ಲಾ. ಆಯುಧಪೂಜೆ ದಿನ ನೀನು ಆಫೀಸ್ ಪೂಜೆಗೆ ಓಗಿದ್ದೆ. ಬಸ್ಸಾಗಿದ್ರೆ ಬಾನೆಟ್ ಎತ್ತಿ ಇಂಜಿನ್‌ಗೆ ಅಕ್ಷತೆ ಆಕ್ತಿದ್ದೆ. ಇದ್ರ ಬಾನೆಟ್ ಎಲ್ಲೈತೋ ಗೊತ್ತಾಗ್ಲಿಲ್ಲ. ಮೇಲಿನ ಜಾಲರಿ ಒಳಗೇ ಆಕ್ಬುಟ್ಟೆ."

ನಾನು ಎಷ್ಟು ನಕ್ಕೆನೆಂದರೆ ಅಮ್ಮ ಅಡುಗೆಮನೆಯಿಂದ ಓಡಿಬಂದರು. ಅಪ್ಪನಿಗೂ ನಗು ಬಂತು. ಬ್ರಷ್ಷಿನಿಂದ ಎಲ್ಲ ತೆಗೆದು, ಪ್ರೊಸೆಸರಿನ ಬಿಸಿ ಹೊರಗೆಳೆಯುವ ಪೇಸ್ಟನ್ನು ಹೊಸದಾಗಿ ಹಚ್ಚಿ, ಫ್ಯಾನ್ ಕೂರಿಸಿದೆ. ಅಪ್ಪ ಒಳಗೆ ಹೋಗಿ ಖಾಕಿ ಅಂಗಿ ಹಾಕಿಕೊಂಡೇ ಬಂದರು.

ಘಾಟಿ ಬಂತು. ಮೂವರೂ ಉಸಿರು ಬಿಗಿಹಿಡಿದೆವು. ಒಂದು ತಿರುವು, ಎರಡು ತಿರುವು, ಬಸ್ಸು ತುದಿ ಮುಟ್ಟಿತು. ಅಪ್ಪ ಬಸ್ಸು ನಿಲ್ಲಿಸಿ, ಮುಂಗೈಯನ್ನು ಕ್ಯಾಬಿನೆಟ್ಟಿಗೆ ತಾಗಿಸಿ, "ಈಗ ಉಸ್ರಾಡ್ತಾ ಐತೆ" ಅಂದರು. ನಾನು ಮೊದಲೇ ಹೇಳಿರಲಿಲ್ಲವೇ ಎಂಬ ಮಾತನ್ನು ಅಪ್ಪ ಅವತ್ತೂ ಆಡಲಿಲ್ಲ, ಈವರೆಗೂ ಆಡಿಲ್ಲ. ಆಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಈ ವರ್ಷ ಆಯುಧಪೂಜೆಗೆ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಅಪ್ಪ ಕ್ಯಾಬಿನೆಟ್ಟಿಗೆ ಹೊರಗಿನಿಂದಲೇ ಕುಂಕುಮವಿಟ್ಟು, ಅಕ್ಷತೆಯ ಬಟ್ಟಲು ಹಿಡಿದು ನನ್ನತ್ತ ತಿರುಗಿದರು. "ಎಲ್ಲಿ ಆಕ್ಲಿ, ಇಂಜಿನಿಯರ್ ಸಾಹೇಬ್ರೇ?"

ನಾನು ಬಗ್ಗಿ ಅವರ ಕಾಲು ಮುಟ್ಟಿದೆ. "ನನ್ ತಲೆ ಮೇಲೆ ಹಾಕಪ್ಪ" ಅಂದೆ.