ದಂಡಿನ ದಾರಿಗೆ ಹಾಕಿದ ಬೇಲಿ

ಮಂಡ್ಯದಿಂದ ಬಂದು ಕೋಲಾರದಲ್ಲಿ ತಂಗಿದ್ದವನು ಬೆಳಿಗ್ಗೆ ಮುಳಬಾಗಿಲಿನ ಬಸ್ ಹತ್ತಿದೆ. ಮೂವತ್ತು ಕಿಲೋಮೀಟರ್ ಹೆದ್ದಾರಿ, ಒಂದು ಕೋಳಿನಿದ್ದೆಯ ದೂರ. ನನಗೆ ನೋಡಬೇಕಿದ್ದುದು ಮೈಸೂರು ಯುದ್ಧಗಳ ಕಾಲದಲ್ಲಿ ಘಟ್ಟದ ಕೆಳಗಿನಿಂದ ಎತ್ತುಗಳ ಮೇಲೆ ದಂಡಿಗೆ ಅಕ್ಕಿ ಬರುತ್ತಿತ್ತೆಂದು ಹೇಳುವ ಹಳೆಯ ದಾರಿ. ಸುತ್ತಿನ ಊರುಗಳಲ್ಲಿ ಅದು ದಂಡಿನ ದಾರಿ. "ಹಾಳುಬಿದ್ದ ದಾರೀಲಿರೋ ಮುಳ್ಳು ನೋಡೋಕೆ ಅಷ್ಟು ದೂರ ಯಾಕೆ, ನಮ್ಮ ಸೈಟಲ್ಲೇ ಬೆಳೆದಿದೆ" ಎಂದಿದ್ದಳು ಹೆಂಡತಿ.

ಮುಳಬಾಗಿಲಿನಲ್ಲಿ ದೋಸೆ ತಿಂದು, ಆಂಧ್ರದ ಗಡಿಯ ಕಡೆಯ ಬಸ್ ಹಿಡಿದು ಒಂದು ಕ್ರಾಸಿನಲ್ಲಿ ಇಳಿದೆ. ಬಿಸಿಲೇರಿತ್ತು. ಹುಣಸೆಮರಗಳ ನಡುವಿನ ಜಾಡಿನಲ್ಲಿ ಅರ್ಧ ಮೈಲಿ ನಡೆಯುವುದರೊಳಗೆ ಕಲ್ಲುಕಂಬ, ಮುಳ್ಳುತಂತಿ ಅಡ್ಡ ಬಂದವು. ಫಿರಂಗಿ ಎಳೆದುಕೊಂಡು ದಂಡು ದಾಟಿದ ದಾರಿಯನ್ನು ನನ್ನಿಂದ ದಾಟಲಾಗಲಿಲ್ಲ.

ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನ್ ಹಿಡಿದ ಇಬ್ಬರು ಹೆಂಗಸರು ಹೊಲದ ಬದು ಸುತ್ತಿ ಬಂದರು. ಒಬ್ಬರು ಪಂಚಾಯಿತಿ ಮೆಂಬರು ಲಕ್ಷ್ಮಮ್ಮ, ಇನ್ನೊಬ್ಬರು ಅವರ ಅತ್ತೆ ಚೌಡಮ್ಮ. ಬೇಲಿ ಯಾರದೆಂದು ಕೇಳಿದೆ.

"ನಮ್ ಬಾವನೋರ್ದೇ ಸಾರ್, ನಮ್ಮತ್ತೆ ಹಿರೇಮಗಂದು," ಎಂದರು ಲಕ್ಷ್ಮಮ್ಮ. "ದಾರೀನ ಟಮೋಟ ತೋಟಕ್ಕೆ ಸೇರಿಸ್ಕೊಂಡವ್ರೆ. ನಾವು ಸುತ್ತಾಕ್ಕೊಂಡು ಹೋಗೋದ್ರೊಳಗೆ ಹಾಲು ಒಡ್ದೋಗ್ತದೆ."

"ಮೆಂಬರು ನೀವಲ್ಲವೇ?"

"ಸೈನು ನಂದು, ಮಾತು ಬಾವನೋರ್ದು. ಇವತ್ತು ಗ್ರಾಮಸಭೆ ಐತೆ, ಕೇಳ್ಬೇಕು ಅಂತಿದೀನಿ. ಕೇಳಿದ್ರೆ ಮನೇಲಿ ಏನಾಗ್ತದೋ."

ಹೆಂಗಸರಿಗೆ ಕುರ್ಚಿ ಕೊಟ್ಟ ಸುಧಾರಣೆ ದೇಶಕ್ಕೆ ಬಂದು ಬಹಳ ಕಾಲವಾಯಿತು. ಇಲ್ಲಿ ಅದರ ಮೇಲೆ ಕೂರುವುದು ಭಾವ. ಕುತೂಹಲದಿಂದ ನಾನೂ ಜೊತೆಗೆ ಹೋದೆ.

ಸಭೆ ಶಾಲೆಯ ಜಗಲಿಯಲ್ಲಿತ್ತು. ಭಾವ ನಾರಾಯಣಪ್ಪ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಇನ್ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಅಧಿಕಾರಿ ಕೇಳಿದಾಗ ಚೌಡಮ್ಮ ಸೊಸೆಯ ಸೆರಗು ಜಗ್ಗಿ, "ಅಡಗಮ್ಮಾ, ಅಡಗಮ್ಮಾ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ಮಗನನ್ನು ಉಳಿಸಲು ಸೊಸೆಗೆ ಅಡಗಿಕೋ ಎನ್ನುತ್ತಾರಲ್ಲ! "ಅವರು ಯಾಕಮ್ಮ ಅಡಗಬೇಕು?" ಎಂದುಬಿಟ್ಟೆ.

ಪಕ್ಕದಲ್ಲಿದ್ದ ಮುದುಕರೊಬ್ಬರು ನಕ್ಕರು. "ಅದು ತೆಲುಗು ಸಾಮಿ. ಕೇಳಮ್ಮಾ ಅಂತಾವ್ಳೆ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಅಷ್ಟರಲ್ಲಿ ಲಕ್ಷ್ಮಮ್ಮ ಎದ್ದು ನಿಂತಿದ್ದರು.

"ಬಾವ, ದಂಡಿನ ದಾರಿ ನಿಮ್ದಾ, ಊರ್ದಾ?"

ನಾರಾಯಣಪ್ಪ ಕಾಲಿಳಿಸಿ ತಾಯಿಯ ಕಡೆ ನೋಡಿದರು.

"ನನ್ ಮುಖ ಏನ್ಲಾ ನೋಡ್ತೀಯಾ?" ಎಂದರು ಚೌಡಮ್ಮ. "ಕೇಳ್ದೋಳು ಅವ್ಳು. ಅವ್ಳಿಗೆ ಹೇಳು."

"ಊರ್ದೇ," ಎಂದರು ನಾರಾಯಣಪ್ಪ. "ನಾಳೆ ತೆಗೀತೀನಿ."

"ನಾಳೆ ಯಾಕೆ ಬಾವ? ಸಂಜೆ ಹಾಲು ನಾಳೆ ಕರೆಯೋಕಾಗ್ತದಾ?"

ಈ ಎರಡನೆಯ ಪ್ರಶ್ನೆ ಕೇಳೆಂದು ಅತ್ತೆ ಸೆರಗು ಜಗ್ಗಿರಲಿಲ್ಲ. ಜಗಲಿಯೆಲ್ಲ ನಕ್ಕಿತು. ನನಗೂ ಖುಷಿಯಾಯಿತು.

ಸಂಜೆಯ ಬಸ್ಸಿಗೆಂದು ಹೊರಟವನು ಬದುವಿನ ಮೇಲಿಂದ ಒಮ್ಮೆ ತಿರುಗಿ ನೋಡಿದೆ. ನಾರಾಯಣಪ್ಪ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ತಂತಿ ಬಿಚ್ಚುತ್ತಿದ್ದರು. ಲಕ್ಷ್ಮಮ್ಮ ತುಂಬಿದ ಕ್ಯಾನನ್ನು ದಾರಿಯ ನಡುವೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು.