ನಾನು ಹೊಡೆದುಹಾಕಿದ ಪ್ರಾರ್ಥನೆ

ಎರಡು ತಿಂಗಳ ಹಿಂದೆ ಒಬ್ಬ ಮನುಷ್ಯನ ಪ್ರಾರ್ಥನೆಯನ್ನು ನಾನು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದೆ. ಮೂರು ಪುಟ. ಊಟಕ್ಕೆ ತಡವಾಗುತ್ತಿತ್ತು, ಅಷ್ಟೇ.

ಈ ವಾರಪತ್ರಿಕೆಗೆ ಅಂಕಣ ಬರೆಯುವುದಲ್ಲದೆ ಕಥೆಗಳನ್ನು ಆರಿಸುವುದೂ ನನ್ನ ಕೆಲಸವೆಂದು ನಿಮಗೆ ಗೊತ್ತು. (ಕಥೆ ತಿರುಗಿ ಬಂದವರಿಗಂತೂ ಚೆನ್ನಾಗಿ ಗೊತ್ತು.) ರಶ್ಯದವರು ಆಕಾಶಕ್ಕೆ ಕೃತಕ ಚಂದ್ರನನ್ನು ಹಾರಿಸಿದಂದಿನಿಂದ ಎಲ್ಲರಿಗೂ ಗ್ರಹ-ತಾರೆಗಳ ಕಥೆಯೇ ಬೇಕು. ಅಂಥ ಹೊತ್ತಿನಲ್ಲಿ ರೋಣದ ನಮ್ಮ ಮನೆಗೆ ದಾನಿಯೇಲ ಮಾಸ್ತರರು ಬಂದರು.

ಗಜೇಂದ್ರಗಡದಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಯುದ್ಧಕಾಲದಲ್ಲಿ ಬರ್ಮಾದ ಮೇಲೆ ಬಾಂಬರ್ ವಿಮಾನ ಹಾರಿಸಿದ ಪೈಲಟ್. ಈಗಲೂ ಬಸ್ಸಿನಿಂದ ಇಳಿದವರೇ ಮೊದಲು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡುತ್ತಾರೆ. ಚೀಲದಲ್ಲಿ ಬೈಬಲ್ಲು, ಅದರ ಪಕ್ಕದಲ್ಲಿ ಕೈಬರಹದ ಕಥೆ.

ಒಬ್ಬ ಪೈಲಟ್ ದೂರದ ಗ್ರಹವೊಂದಕ್ಕೆ ಹೋಗುತ್ತಾನೆ. ಅಲ್ಲಿಯ ಜನ ಇನ್ನೊಬ್ಬರನ್ನು ನೋಯಿಸಿದ್ದೇ ಇಲ್ಲ. ಪಾಪ ಎಂಬ ಶಬ್ದವೇ ಅವರ ಭಾಷೆಯಲ್ಲಿಲ್ಲ. ನಿಮ್ಮ ಲೋಕದಲ್ಲಿ ನೀನು ಏನು ಕೆಲಸ ಮಾಡುತ್ತಿದ್ದೆ ಎಂದು ಅವರು ಕೇಳುತ್ತಾರೆ. ಅವನು ಮೊಣಕಾಲೂರಿ ಯೇಸುವಿಗೆ ಪ್ರಾರ್ಥಿಸತೊಡಗುತ್ತಾನೆ.

ಅಲ್ಲಿಯವರೆಗೆ ಕಥೆ ಓಡುತ್ತಿತ್ತು. ಪ್ರಾರ್ಥನೆಯ ನಾಲ್ಕು ಸಾಲು ಓದಿ ನಾನು ನಿಂತೆ. ನರಗುಂದದ ವ್ಯಾಪಾರಿ, ಯಾವಗಲ್ಲಿನ ರೈತ ಇದನ್ನೇಕೆ ಓದಿಯಾರು? ಸೈನ್ಸ್ ಇರಲಿ, ಚರ್ಚು ಬೇಡ. ಮೂರು ಪುಟ ತೆಗೆದು, ‘ವಿಮಾನ ಮತ್ತೆ ಮೇಲೇರಿತು’ ಎಂದು ನನ್ನದೊಂದು ವಾಕ್ಯ ಸೇರಿಸಿದೆ. ಅವರನ್ನು ಒಂದು ಮಾತು ಕೇಳಿದೆನೇ? ಇಲ್ಲ.

ಕಥೆ ಅಚ್ಚಾಯಿತು. ಮೆಚ್ಚಿ ಪತ್ರಗಳೂ ಬಂದವು. ಅವನ್ನು ಜೇಬಿಗೆ ಹಾಕಿಕೊಂಡು, ಇನ್ನೊಂದು ಕಥೆ ಕೇಳೋಣವೆಂದು ಕಳೆದ ರವಿವಾರ ಗಜೇಂದ್ರಗಡದ ಬಸ್ಸು ಹತ್ತಿದೆ.

ಮಾಸ್ತರರು ಇರುವುದು ನೇಕಾರರ ಮನೆಯೊಂದರ ಹಿಂಭಾಗದಲ್ಲಿ. ಚರ್ಚಿನಿಂದ ಇನ್ನೂ ಬಂದಿರಲಿಲ್ಲ. ಮನೆಯೊಡತಿ ಗಂಗವ್ವ ಮಗ್ಗಕ್ಕೆ ಕುಳಿತು ಸೀರೆ ನೇಯುತ್ತಿದ್ದರು. ನಾನು ಯಾರೆಂದು ತಿಳಿದದ್ದೇ ತಡ, ಆ ಕಥೆಯನ್ನು ಮಾಸ್ತರರು ಮೊದಲು ತಮಗೆ ಓದಿ ಹೇಳಿದ್ದರು ಎಂದರು. ಅಚ್ಚಾದದ್ದನ್ನೂ ಗಂಗವ್ವ ಅವರಿಂದಲೇ ಓದಿಸಿ ಕೇಳಿದ್ದರಂತೆ.

“ಕಡೀಕ ಒಂದು ಪ್ರಾರ್ಥನಾ ಇತ್ತಲ್ರಿ, ಅದು ಎಲ್ಲಿ ಹೋತ್ರಿ? ನಾವೇನು ಅವರ ದೇವರಿಗೆ ನಡಕೊಳ್ಳೋರಲ್ಲ. ಆದ್ರ ಅದನ್ನ ಕೇಳೂ ಮುಂದ ನನ್ನ ಕೈಯಾಗಿನ ಲಾಳಿ ನಿಂತಿತ್ತು.”

ಯಾರಿಗೆ ಬೇಡವೆಂದು ತೆಗೆದಿದ್ದೆನೋ, ಅವರೇ ಎದುರು ಕುಳಿತು ಕೇಳುತ್ತಿದ್ದರು. ನಾನು ಚಪ್ಪಲಿ ನೋಡುತ್ತ ಕುಳಿತೆ.

ಅಷ್ಟರಲ್ಲಿ ಮಾಸ್ತರರು ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಪತ್ರಗಳನ್ನು ಓದಿ, ಮಡಿಸಿ, ತಿರುಗಿ ನನ್ನ ಕೈಗೇ ಕೊಟ್ಟರು. ಪುಟಗಳನ್ನೇಕೆ ತೆಗೆದಿರಿ ಎಂದು ಕೇಳಲೂ ಇಲ್ಲ. ನಾನೇ ಕೇಳಿದೆ, ಅವುಗಳಲ್ಲಿ ಏನಿತ್ತು ಎಂದು. (ಹೊಡೆದುಹಾಕಿದವನೇ ಕೇಳಬೇಕಾಯಿತು, ನೋಡಿ.)

ಬರ್ಮಾದಲ್ಲಿ ಒಂದು ಮುಂಜಾನೆ, ಶತ್ರುಗಳ ಠಾಣೆಯೆಂದು ತಿಳಿದು ತಾವು ಬಾಂಬು ಹಾಕಿದ್ದು ಒಂದು ಹಳ್ಳಿಯ ಮೇಲೆ ಎಂದರು. ಕೆಳಗೆ ಸಂತೆ ಕೂಡಿತ್ತಂತೆ.

“ಆ ಊರಿನ ಹೆಸರು ನನಗ ಇವತ್ತಿಗೂ ಗೊತ್ತಿಲ್ರಿ. ನಕಾಶದಾಗ ಬರೇ ಒಂದು ನಂಬರ ಇತ್ತು. ಇಷ್ಟು ವರ್ಷ ಚರ್ಚಿನ್ಯಾಗ ಮೊಣಕಾಲೂರಿದೆ, ಬಾಯಿಂದ ಬರಲಿಲ್ಲ. ಕಥಿ ಅಂತ ಬರಿಯೂ ಮುಂದ ಬಂತು.”

ಆ ಪುಟಗಳನ್ನು ಈಗಲಾದರೂ ಅಚ್ಚು ಹಾಕಿಸುತ್ತೇನೆಂದೆ. ಅವರ ಬಳಿ ಬೇರೆ ಪ್ರತಿ ಇರಲಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಬೇಡವಾದ ಕಾಗದ ಚಹಾದ ಒಲೆಗೆ ಹೋಗುತ್ತದೆ. ಹಾಗಾದರೆ ಮತ್ತೊಮ್ಮೆ ಬರೆದುಕೊಡಿ ಎಂದು ಬೇಡಿಕೊಂಡೆ.

ಮಾಸ್ತರರು ಕೈಲಿದ್ದ ಬೈಬಲ್ಲನ್ನು ಗೋಡೆಯ ಗೂಡಿನಲ್ಲಿಟ್ಟರು.

“ಮತ್ತ ಬರಿಯಾಕ ಕೂತು ನೋಡೀನ್ರಿ. ಬರವಲ್ದು. ಇರಲಿ ಬಿಡ್ರಿ.”

ಬಯ್ದಿದ್ದರೆ ಹಗುರಾಗುತ್ತಿದ್ದೆ. ಬಸ್ ಸ್ಟ್ಯಾಂಡಿನವರೆಗೂ ಬಂದು, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟರು. (ಇದನ್ನೆಲ್ಲ ಬರೆಯಲೇ ಎಂದು ಈ ಸಲ ಕೇಳಿದ್ದೇನೆ. ಬರೀರಿ ಎಂದರು.)

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಏನೋ ಹೇಳಲು ಹೊರಟು, ‘ಇರಲಿ ಬಿಡ್ರಿ’ ಎಂದು ಸುಮ್ಮನಾಗಿರಬಹುದು. ಅವರ ಮಾತನ್ನು ಅರ್ಧಕ್ಕೆ ತಡೆದವರು ಯಾರು?